ಪುಸ್ತಕದ ವ್ಯಾನಿಗೆ ಒಂದು ಸಮತಟ್ಟು ನೆಲ

ಗೇರ್‌ಬಾಕ್ಸಿನಿಂದ ಇಳಿದ ಹಳೆಯ ಆಯಿಲ್ ಮೂರು ಸಾವಿರದ ಎಂಟುನೂರ ಎಪ್ಪತ್ತು ಮಿಲಿಲೀಟರ್ ಇತ್ತು. ಔಷಧಿ ಅಂಗಡಿಯವಳು ಅದನ್ನು ಎರಡು ಸಲ ಅಳೆದಳು. ಎರಡನೆಯ ಸಲ ಅಳೆಯುವ ಮೊದಲು ಗಾಜಿನ ಅಳತೆಪಾತ್ರೆಯನ್ನು ಒರೆಸಿ, ಬೆಳಕಿಗೆ ಹಿಡಿದು, ಕಣ್ಣನ್ನು ದ್ರವದ ಮಟ್ಟಕ್ಕೆ ತಗ್ಗಿಸಿ, ಉಸಿರು ಬಿಗಿಹಿಡಿದು ನೋಡಿದಳು. ಉತ್ತರ ಬದಲಾಗಲಿಲ್ಲ. ಆಗ ಅವಳ ಮುಖದಲ್ಲಿ ಅರಳಿದ ಸಂತೋಷವನ್ನು ಕಂಡವರು ನೆಲದಲ್ಲಿ ನಿಧಿ ಸಿಕ್ಕಿರಬೇಕು ಎಂದುಕೊಳ್ಳುತ್ತಿದ್ದರು.

ಹನ್ನೆರಡು ವರ್ಷಗಳಿಂದ ಊರಿನ ಮಕ್ಕಳ ಕೆಮ್ಮಿನ ಸಿರಪ್ಪಿನಿಂದ ಹಿಡಿದು ಮುದುಕರ ಕಣ್ಣಿನ ಹನಿಯವರೆಗೆ ಎಲ್ಲವನ್ನೂ ಅಳೆದು ಕೊಟ್ಟ ಕೈ ಅದು. ಆ ಕೈಗೆ 'ಸುಮಾರು' ಎಂಬ ಮಾತು ಅಲರ್ಜಿ. ಮನೆಯವರು ಅವಳ ನಿಜವಾದ ಹೆಸರನ್ನು ಎಂದೋ ಬದಿಗಿಟ್ಟು, ಮಿಲಿಲೀಟರಿನಿಂದ ಮೊದಲೆರಡು ಅಕ್ಷರ ಕಿತ್ತು, ಮಿಲಿ ಎಂದು ಕರೆಯಲಾರಂಭಿಸಿದ್ದರು.

"ಅಳೆದದ್ದು ಆಯ್ತೇನೇ? ಇಲ್ಲ, ಅದಕ್ಕೊಂದು ಜನನ ಪ್ರಮಾಣಪತ್ರನೂ ಬರೀಬೇಕಾ?" ಎಂದು ವ್ಯಾನಿನ ಮೆಟ್ಟಿಲ ಮೇಲೆ ಕುಳಿತಿದ್ದ ಚಿಕ್ಕಮ್ಮ ಕೇಳಿದಳು.

"ಚಿಕ್ಕಮ್ಮ, ಇದು ಅವಸರದ ಕೆಲಸ ಅಲ್ಲ."

"ಅವಸರ ನನಗಲ್ಲ ತಾಯಿ, ಗಡಿಯಾರಕ್ಕೆ. ಹತ್ತೂವರೆ ಆಯ್ತು. ನಾಲ್ಕು ಗಂಟೆಗೆ ಸಾಹೇಬ್ರು ಬರ್ತಾರೆ."

ವ್ಯಾನ್ ಪುರಸಭೆಯ ಸಂಚಾರಿ ಗ್ರಂಥಾಲಯದ್ದು. ಕಾಗದದ ಮೇಲೆ ಅದು ಪುರಸಭೆಯ ಆಸ್ತಿ. ಹನ್ನೊಂದು ವರ್ಷಗಳಿಂದ ಅದನ್ನು ಓಡಿಸಿ, ತೊಳೆದು, ಬೈದು, ಮುದ್ದಿಸಿದ್ದು ಮಾತ್ರ ಚಿಕ್ಕಮ್ಮ. ಕ್ಲಚ್ಚಿನ ಗೊಡವೆಯಿಲ್ಲದೆ ತನ್ನ ಗೇರನ್ನು ತಾನೇ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಗಾಡಿ. ಎಡ ಮೊಣಕಾಲು ಮಡಚಲಾಗದ ಚಿಕ್ಕಮ್ಮನಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಕಳೆದ ಆರು ತಿಂಗಳಿಂದ ಅದಕ್ಕೆ ಏರು ಕಂಡರೆ ನಡುಕ. ಡ್ರೈವ್‌ಗೆ ಹಾಕಿದರೆ ಎರಡು ಕ್ಷಣ ಯೋಚಿಸುತ್ತಿತ್ತು. ಎರಡನೆಯ ಗೇರಿಗೆ ಹೋಗುವಾಗ ಕಪಾಟಿನ ಪುಸ್ತಕಗಳೆಲ್ಲ ಒಮ್ಮೆ ಬೆಚ್ಚಿಬೀಳುವಂತೆ ಜಗ್ಗುತ್ತಿತ್ತು. ಹೋದ ತಿಂಗಳು ನೀರಿನ ಟ್ಯಾಂಕಿನ ಏರಿನಲ್ಲಿ, ಪುರಸಭೆಯ ವಾಹನ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡೇ, ಹನ್ನೊಂದು ಅಡಿ ಹಿಂದಕ್ಕೆ ಜಾರಿತ್ತು. ಪರೀಕ್ಷಕರು ಆಗ ಕೂಗಿದ ಕೂಗು ಕೆಳಗಿನ ಬೀದಿಯ ಕ್ಷೌರದಂಗಡಿಯವರೆಗೂ ಕೇಳಿಸಿತ್ತಂತೆ.

ಅವರು ಕೊಟ್ಟ ಕೊನೆಯ ಗಡುವು ಇಂದು. ಎರಡು ಸಾವಿರ ಪುಸ್ತಕಗಳ ತುಂಬು ಹೊರೆಯೊಂದಿಗೆ ವ್ಯಾನ್ ಅದೇ ಏರಿನ ನಡುವೆ ನಿಂತು, ಒಂದು ಗೇಣೂ ಹಿಂದಕ್ಕೆ ಸರಿಯದೆ ಮತ್ತೆ ಹೊರಟು, ಟ್ಯಾಂಕಿನ ಬುಡ ಮುಟ್ಟಬೇಕು. ಮುಟ್ಟದಿದ್ದರೆ ವ್ಯಾನ್ ಗುಜರಿಗೆ; ಚಿಕ್ಕಮ್ಮ ಕೇಂದ್ರ ಗ್ರಂಥಾಲಯದ ನೆಲಮಾಳಿಗೆಗೆ, ಹಳೆಯ ವಾರಪತ್ರಿಕೆಗಳ ಕಟ್ಟು ಬಿಚ್ಚಿ ಕಟ್ಟುವ ಕೆಲಸಕ್ಕೆ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. "ಆ ಕೋಣೇಲಿ ಕಿಟಕಿ ಇಲ್ಲ ಕಣೇ" ಎಂದು ಚಿಕ್ಕಮ್ಮ ಒಂದೇ ಒಂದು ಸಲ ಹೇಳಿದ್ದಳು. ಯಾವುದನ್ನೇ ಆಗಲಿ ಹತ್ತು ಸಲ ಹೇಳುವವಳು ಇದನ್ನು ಒಂದೇ ಸಲ ಹೇಳಿದಳೆಂಬ ಕಾರಣಕ್ಕೆ, ಮಿಲಿ ಇಂದು ತನ್ನ ಅಂಗಡಿಗೆ ಬೀಗ ಹಾಕಿ, ಭಾವನ ಗ್ಯಾರೇಜಿನ ನೆಲದ ಮೇಲೆ ಮಲಗಿದ್ದಳು.

ಭಾವ, ಅಂದರೆ ಅಕ್ಕನ ಗಂಡ, ಊರಿಗೆಲ್ಲ ಒಬ್ಬನೇ ಗೇರ್‌ಬಾಕ್ಸ್ ಮೆಕ್ಯಾನಿಕ್. ಆ ಒಬ್ಬನೂ ಹದಿನೈದು ದಿನದ ಹಿಂದೆ ಏಣಿಯಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಹೀಗಾಗಿ ಬೆಳಿಗ್ಗೆ ಎಂಟರಿಂದ ಕುರ್ಚಿಯ ಮೇಲೆ ಕುಳಿತು ಬಾಯಲ್ಲೇ ಕೆಲಸ ಮಾಡಿಸಿದ್ದ. "ಒಂದು ಕಡೆಯ ಬೋಲ್ಟ್ ಎಲ್ಲಾ ಬಿಚ್ಚಬೇಡ, ಎದುರುಬದುರು ಬಿಚ್ಚು. ಗೇರ್‌ಬಾಕ್ಸಿನ ಅಡಿತಟ್ಟೆ ಓರೆಯಾಯ್ತೋ, ಆಯಿಲ್ ನಿನ್ನ ಮೂಗಿಗೇ ಬರುತ್ತೆ." ತಟ್ಟೆ ಓರೆಯಾಗಲಿಲ್ಲ, ಒಂದು ಹನಿ ಮಾತ್ರ ಮೂಗಿನ ತುದಿಗೆ ಬಂತು. ಅದರ ಬಣ್ಣ ಕಂದು, ವಾಸನೆ ಸುಟ್ಟದ್ದು. ತಟ್ಟೆಯ ತಳದ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿತ್ತು. ಭಾವ ಅದನ್ನು ಎಡಗೈ ಬೆರಳುಗಳ ನಡುವೆ ಉಜ್ಜಿ, "ಚೂರು ಇಲ್ಲ, ಬರೀ ಹಿಟ್ಟು. ಒಳಗೆ ಹಲ್ಲು ಮುರಿದಿಲ್ಲ. ಬದುಕುತ್ತೆ" ಎಂದು ವೈದ್ಯನಂತೆ ತೀರ್ಪು ಕೊಟ್ಟಿದ್ದ. ಹಳೆಯ ಫಿಲ್ಟರ್ ತೆಗೆದು ಹೊಸದನ್ನು ಕೂರಿಸಿದ್ದಾಯಿತು. ಆಯಿಲ್ ಸೋರದಂತೆ ತಟ್ಟೆಯ ಅಂಚಿಗೆ ಕೂರಿಸುವ, ಒಂದು ಮೂಲೆಯಲ್ಲಿ ಬಿರುಕುಬಿಟ್ಟಿದ್ದ ಗ್ಯಾಸ್ಕೆಟ್ ಎಸೆದು ಹೊಸದನ್ನು ಹಾಕಿದ್ದಾಯಿತು. ಆ ಬಿರುಕಿನ ದೆಸೆಯಿಂದಲೇ ಚಿಕ್ಕಮ್ಮ ವ್ಯಾನ್ ನಿಲ್ಲಿಸಿದಲ್ಲೆಲ್ಲ ಅಡಿಯಲ್ಲಿ ಹಳೆಯ ಪತ್ರಿಕೆ ಹಾಸುತ್ತಿದ್ದಳು.

ಹತ್ತು ಗಂಟೆಗೆ ಭಾವ ಎಕ್ಸ್‌ರೇಗೆ ಹೊರಟ. ಹೊರಡುವಾಗ ಹೇಳಿದ್ದು ಇಷ್ಟು: "ಇಳಿದಷ್ಟು ಹಾಕು. ಆಮೇಲೆ ಕಡ್ಡಿ ನೋಡೋಣ. ನಾನು ಬರೋ ತನಕ ಗಾಡಿ ಮುಟ್ಟಬೇಡಿ."

ಈ ಮೂರು ವಾಕ್ಯಗಳಲ್ಲಿ ಮಿಲಿ ಮೊದಲನೆಯದನ್ನು ಶಾಸನದಂತೆ ಸ್ವೀಕರಿಸಿದಳು. ಎರಡನೆಯದು ಅವಳಿಗೆ ತುಸು ಅವಮಾನವೆನಿಸಿತು. ಅಳೆದು ಹಾಕಿದ ಮೇಲೆ, ಆಯಿಲ್ ಮಟ್ಟ ತೋರಿಸುವ ಆ ಎರಡು ಗೆರೆಯ ಕಡ್ಡಿಯಿಂದ ನೋಡುವುದೇನಿದೆ? ಅಳತೆಯಿಲ್ಲದೆ ಸುರಿಯುವವರಿಗೆ ಕಡ್ಡಿ ಬೇಕು. ಅವಳು ಹೊಸ ಆಯಿಲ್ಲಿನ ಡಬ್ಬಿಯ ಮೇಲಿನ ದರ್ಜೆಯನ್ನು ವ್ಯಾನಿನ ಕೈಪಿಡಿಯ ದರ್ಜೆಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಕೆಂಪಗೆ ಹೊಳೆಯುವ ದ್ರವವನ್ನು ಅರ್ಧರ್ಧ ಲೀಟರ್‌ನಂತೆ ಅಳೆದು, ಕೊನೆಯ ಮುನ್ನೂರ ಎಪ್ಪತ್ತನ್ನು ಸಿರಪ್ಪಿನ ಮುಚ್ಚಳದಿಂದ ಸರಿದೂಗಿಸಿ, ಕೊಳವೆಯೊಳಗೆ ಇಳಿಬಿಟ್ಟಳು. ಇಳಿದದ್ದು ಮೂರು ಸಾವಿರದ ಎಂಟುನೂರ ಎಪ್ಪತ್ತು. ಹಾಕಿದ್ದು ಮೂರು ಸಾವಿರದ ಎಂಟುನೂರ ಎಪ್ಪತ್ತು. ನೋಟ್‌ಬುಕ್ಕಿನಲ್ಲಿ ಎರಡು ಅಂಕಿಗಳೂ ಒಂದರ ಕೆಳಗೊಂದು, ಅವಳಿ ಮಕ್ಕಳಂತೆ ಕುಳಿತವು.

ಮೂರನೆಯ ವಾಕ್ಯವನ್ನು ಮುರಿದದ್ದು ಚಿಕ್ಕಮ್ಮ.

"ಸುಮ್ನೆ ಆ ತಿರುವಿನವರೆಗೆ ಹೋಗಿ ಬರೋಣ."

"ಭಾವ ಮುಟ್ಟಬೇಡಿ ಅಂದ್ರು."

"ನೀನು ಮುಟ್ಟಬೇಡ. ನಾನು ಓಡಿಸ್ತೀನಿ."

ಗ್ಯಾರೇಜಿನಾಚೆ ಇಪ್ಪತ್ತು ಮೀಟರಿನ ಪುಟ್ಟ ಏರು. ಚಿಕ್ಕಮ್ಮ ಹುಮ್ಮಸ್ಸಿನಿಂದ ಪೆಡಲ್ ಒತ್ತಿದಳು. ಎಂಜಿನ್ ಗಂಟಲು ಹರಿಯುವಂತೆ ಕೂಗಿತು. ಗಾಡಿ ಮಾತ್ರ ಈ ಕೂಗು ಯಾರದೋ ಎಂಬಂತೆ ನಿಂತಲ್ಲೇ ನಿಂತಿತು. ಬಳಿಕ ಬಹಳ ಗಂಭೀರವಾಗಿ, ಯಾವ ಅವಸರವೂ ಇಲ್ಲದೆ, ಹಿಂದಕ್ಕೆ ಜಾರಿ ಗ್ಯಾರೇಜಿನ ಬಾಗಿಲಿಗೇ ಬಂದು ನಿಂತಿತು. ಮೇಲಿನ ಕಪಾಟಿನಿಂದ ಒಂದು ದಪ್ಪ ವಿಶ್ವಕೋಶ ಮಿಲಿಯ ತೊಡೆಯ ಮೇಲೆ ಬಿತ್ತು.

ಚಿಕ್ಕಮ್ಮ ಸ್ಟೀರಿಂಗನ್ನು ನಿಧಾನವಾಗಿ ಸವರಿದಳು. ಮಿಲಿ ನೋಟ್‌ಬುಕ್ ತೆರೆದು ಅವಳಿ ಅಂಕಿಗಳನ್ನು ನೋಡಿದಳು. ಹೊಸ ಆಯಿಲ್, ಹೊಸ ಫಿಲ್ಟರ್, ಹೊಸ ಗ್ಯಾಸ್ಕೆಟ್. ರೋಗ ಮಾತ್ರ ಹಳೆಯದೇ.

ಹನ್ನೆರಡೂವರೆಗೆ ಬಂದ ಭಾವ ಎಲ್ಲವನ್ನೂ ಕೇಳಿದ. ನೋಟ್‌ಬುಕ್ ಇಸಿದುಕೊಂಡು ಅಂಕಿಗಳನ್ನು ನೋಡಿದ. ಅವನ ಮೀಸೆ ಅಲುಗಿತು. ಮೊದಲು ಕೆಮ್ಮಿದಂತೆ, ಬಳಿಕ ಬಿಕ್ಕಿದಂತೆ, ಕೊನೆಗೆ ಪ್ಲಾಸ್ಟರ್ ಹಾಕಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಕುರ್ಚಿಯೊಂದಿಗೆ ತಾನೂ ಅಲುಗಾಡುತ್ತ ನಕ್ಕ.

"ಭಾವ, ನಗೋದಕ್ಕೆ ಏನಿದೆ? ಒಂದು ಮಿಲಿ ಹೆಚ್ಚಿಲ್ಲ, ಒಂದು ಮಿಲಿ ಕಡಿಮೆ ಇಲ್ಲ!"

"ಅದೇ ಮಾರಾಯ್ತಿ, ಅದೇ! ಆ ಗ್ಯಾಸ್ಕೆಟ್ ಎಷ್ಟು ದಿನದಿಂದ ಸೋರ್ತಿತ್ತು?"

"ಆರೇಳು ತಿಂಗಳು" ಎಂದಳು ಚಿಕ್ಕಮ್ಮ.

"ಆರೇಳು ತಿಂಗಳು ಹನಿ ಹನಿ ಹೋಗಿದೆ. ಅಂದ್ರೆ ಇವತ್ತು ಇಳಿಸೋ ಮುಂಚೆನೇ ಒಳಗೆ ಆಯಿಲ್ ಕಡಿಮೆ ಇತ್ತು. ಕಡಿಮೆ ಇದ್ದದ್ದನ್ನ ಇಳಿಸಿ, ಕಡಿಮೆ ಇದ್ದಷ್ಟೇ ತುಂಬಿದ್ದೀಯ. ಪೇಷೆಂಟಿನ ಕಾಯಿಲೆಯನ್ನ ಅಳೆದು, ತೂಗಿ, ಒಂದು ಹನಿ ಚೆಲ್ಲದೆ, ವಾಪಸ್ ಅವನಿಗೇ ಕುಡಿಸಿದ್ದೀಯಲ್ಲೇ ಮಿಲಿ!"

ಮಿಲಿಯ ಕಿವಿ ಕೆಂಪಾಯಿತು. ಊರಿನಲ್ಲಿ ಬೇರೆ ಯಾರೇ ಆಗಿದ್ದರೂ ಅಂದಾಜಿನಲ್ಲಿ ಸುರಿದು, ಕಡ್ಡಿ ನೋಡಿ, ಸರಿಮಾಡಿಕೊಳ್ಳುತ್ತಿದ್ದರು. ಇಷ್ಟು ನಿಖರವಾಗಿ ತಪ್ಪು ಮಾಡಲು ಔಷಧಿ ಅಂಗಡಿಯವಳೇ ಬೇಕಾಗಿತ್ತು. ಅವಳು ಅಳಬೇಕೋ ನಗಬೇಕೋ ಎಂದು ತೀರ್ಮಾನಿಸುವಷ್ಟರಲ್ಲಿ ಚಿಕ್ಕಮ್ಮ ಫಕ್ಕನೆ ನಕ್ಕಳು. ನಗು ಅಂಟುರೋಗ, ಮಿಲಿಗೂ ಬಂತು. ಮೂವರೂ ನಕ್ಕು ಮುಗಿಸುವಾಗ ಹನ್ನೆರಡು ಮುಕ್ಕಾಲು.

"ಸರಿ, ಇನ್ನೆಷ್ಟು ಹಾಕ್ಬೇಕು? ಅಂಕಿ ಹೇಳಿ" ಎಂದಳು ಮಿಲಿ, ಕಣ್ಣೊರೆಸಿಕೊಳ್ಳುತ್ತ.

"ಅಂಕಿ ನನಗೆ ಹೇಗೆ ಗೊತ್ತು? ಅದನ್ನ ಕಡ್ಡಿ ಹೇಳ್ಬೇಕು. ಕಡಿಮೆ ಆದ್ರೆ ಜಾರುತ್ತೆ. ಜಾಸ್ತಿ ಆದ್ರೆ ಒಳಗೆ ನೊರೆ ಎದ್ದು ಮತ್ತೆ ಜಾರುತ್ತೆ. ಆಯಿಲ್ ಬಿಸಿ ಇರ್ಬೇಕು, ಎಂಜಿನ್ ಓಡ್ತಿರ್ಬೇಕು, ಗೇರಿನ ಕೋಲನ್ನ ಎಲ್ಲ ಮನೆಗೂ ಒಂದು ಸುತ್ತು ಕರ್ಕೊಂಡು ಹೋಗಿ ವಾಪಸ್ ಪಾರ್ಕಿಗೆ ತರ್ಬೇಕು. ಆಮೇಲೆ ಕಡ್ಡಿ ಎಳೆದು ನೋಡ್ಬೇಕು. ಎಲ್ಲಕ್ಕಿಂತ ಮುಖ್ಯ, ಗಾಡಿ ಸಮತಟ್ಟು ನೆಲದ ಮೇಲೆ ನಿಂತಿರ್ಬೇಕು."

ಕೊನೆಯ ಮಾತಿಗೆ ಮೂವರೂ ಮುಖ ಮುಖ ನೋಡಿಕೊಂಡರು. ಊರು ಗುಡ್ಡದ ಮೈಗೆ ಅಂಟಿಕೊಂಡು ಬೆಳೆದದ್ದು. ಇಲ್ಲಿ ಎದುರು ಮನೆಯವರ ಹೊಸ್ತಿಲು ನಿಮ್ಮ ಕಿಟಕಿಗೆ ಸಮ. ಮೇಜಿನ ಮೇಲಿಟ್ಟ ಪೆನ್ಸಿಲ್ ತಾನಾಗಿಯೇ ಕೆಳಗಿಳಿಯುತ್ತದೆ. ಗ್ಯಾರೇಜಿನ ನೆಲವೂ ನೀರು ಹರಿದುಹೋಗಲೆಂದು ಚರಂಡಿಯ ಕಡೆಗೆ ವಾಲಿತ್ತು. ಭಾವ ಅಲ್ಲಿ ಹಟ ಹಿಡಿದು ಮಟ್ಟ ಮಾಡಿಸಿದ್ದ ಒಂದೇ ಒಂದು ಚೌಕದ ಮೇಲೆ, ಗೇರ್‌ಬಾಕ್ಸ್ ಕಳಚಿ ಹೊಟ್ಟೆ ಬಿಚ್ಚಿಕೊಂಡ ಬಸ್ಸೊಂದು ಹತ್ತು ದಿನದಿಂದ ಕುಳಿತಿತ್ತು. ಅದನ್ನು ಅಲುಗಿಸಲು ಆನೆಯೇ ಬೇಕು.

ಮಿಲಿ ಇದ್ದಲ್ಲಿಯೇ ಕಡ್ಡಿ ನೋಡಿದಳು. ವ್ಯಾನಿನ ಮೂತಿ ಕೆಳಗಿದ್ದಾಗ ಆಯಿಲ್ ತುಂಬಿ ಮೇಲಿನ ಗೆರೆ ದಾಟಿದೆ ಎಂದಿತು ಕಡ್ಡಿ. ತಿರುಗಿಸಿ ಮೂತಿ ಮೇಲಾಗಿಸಿದಾಗ ಆಯಿಲ್ಲೇ ಇಲ್ಲ ಎಂದಿತು. ಒಂದೇ ಗೇರ್‌ಬಾಕ್ಸ್, ಒಂದೇ ಆಯಿಲ್, ಎರಡು ಉತ್ತರ. ಅವಳ ಹನ್ನೆರಡು ವರ್ಷದ ನಂಬಿಕೆಗೆ ಒಂದೇ ದಿನದಲ್ಲಿ ಎರಡನೆಯ ಪೆಟ್ಟು.

"ಪೊಲೀಸ್ ಮೈದಾನ?" ಎಂದ ಭಾವ.

"ಅಲ್ಲಿ ಚೆಂಡು ಯಾವಾಗ್ಲೂ ಒಂದೇ ಗೋಲಿಗೆ ಹೋಗುತ್ತೆ."

"ಮಾರುಕಟ್ಟೆ ಕಟ್ಟೆ?"

"ಅಲ್ಲಿ ನಿಂಬೆಹಣ್ಣನ್ನ ದಾರದಲ್ಲಿ ಕಟ್ಟಿ ಮಾರ್ತಾರೆ ಭಾವ, ಇಲ್ಲದಿದ್ರೆ ಉರುಳಿ ಹೋಗುತ್ತೆ ಅಂತ."

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ವ್ಯಾನ್ ನಿಲ್ಲುವ ಪ್ರತಿ ತಾಣದಲ್ಲೂ ಅವಳು ನಾಲ್ಕು ಗಾಲಿಯ ಪುಸ್ತಕದ ಗಾಡಿಯೊಂದನ್ನು ಕೆಳಗಿಳಿಸುತ್ತಿದ್ದಳು; ಹನ್ನೊಂದು ವರ್ಷದಲ್ಲಿ ಅದು ಎಲ್ಲೆಲ್ಲಿ, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಓಡಿಹೋಗಿದೆ ಎಂಬುದು ಅವಳಿಗೆ ಕಂಠಪಾಠ. ಅಂಚೆ ಕಚೇರಿಯ ಮುಂದೆ ಅದು ಎಡಕ್ಕೆ ಓಡುತ್ತಿತ್ತು. ಆಸ್ಪತ್ರೆಯ ಮುಂದೆ ಒಮ್ಮೆ ಒಬ್ಬ ರೋಗಿಯನ್ನು ಬೆನ್ನಟ್ಟಿತ್ತು.

"ಒಂದೇ ಒಂದು ಕಡೆ" ಎಂದು ಕಣ್ಣು ತೆರೆದಳು. "ಒಂದೇ ಕಡೆ ಅದು ಇಟ್ಟಲ್ಲೇ ಕೂತಿರುತ್ತೆ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ. ಸ್ಕೇಟಿಂಗ್ ಅಂಗಳ!"

ಅಂಗಳವಿದ್ದದ್ದು ಗ್ಯಾರೇಜಿಗಿಂತ ಕೆಳಗೆ, ಸುತ್ತುದಾರಿಯಲ್ಲಿ ಇಪ್ಪತ್ತು ನಿಮಿಷ. ಇಳಿಜಾರಾದ್ದರಿಂದ ಗೇರ್‌ಬಾಕ್ಸಿಗೆ ಆಯಾಸವಿಲ್ಲ, ಆಯಿಲ್ಲೂ ಬಿಸಿಯಾದೀತು. ದಾರಿಗೆಂದು ಭಾವ ಅರ್ಧ ಲೀಟರ್ ಹಾಕಿಸಿದ. "ಎಷ್ಟೇ ಕಡಿಮೆ ಲೆಕ್ಕ ಹಾಕಿದ್ರೂ ಇದಕ್ಕಿಂತ ಜಾಸ್ತಿನೇ ಬೇಕಾಗುತ್ತೆ, ಹಾಕು."

ಸ್ಕೇಟಿಂಗ್ ಅಂಗಳದ ಒಡತಿಯನ್ನು ಊರು ಸೀಟಿ ಮೇಡಂ ಎಂದು ಕರೆಯುತ್ತಿತ್ತು. ಕೊರಳಲ್ಲಿ ಸೀಟಿ, ಕಾಲಲ್ಲಿ ಗಾಲಿ. ಅವರು ನೆಲದ ಮೇಲೆ ನಡೆದದ್ದನ್ನು ಕಂಡವರು ಕಡಿಮೆ. ಕನ್ನಡಿಯಂತಹ ಸಿಮೆಂಟಿನ ಮೇಲೆ ಮೂವತ್ತು ಮಕ್ಕಳು ಸುತ್ತುತ್ತಿದ್ದರು. ಬಾಗಿಲಲ್ಲಿ ವ್ಯಾನಿನ ಮೂತಿ ಕಂಡದ್ದೇ ಮೇಡಂ ಬಾಣದಂತೆ ಜಾರಿ ಬಂದು, ಎರಡು ಕೈ ಅಗಲಿಸಿ ನಿಂತರು.

"ಇದೇನಿದು? ಎಲ್ಲಿಗೆ?"

"ಒಳಗೆ, ಮೇಡಂ. ಅರ್ಧ ಗಂಟೆ. ಕಡ್ಡಿ ನೋಡ್ಬೇಕು" ಎಂದಳು ಮಿಲಿ.

"ಯಾವ ಕಡ್ಡಿ? ಇದು ನನ್ನ ಅಂಗಳ, ನಿಮ್ಮ ಗ್ಯಾರೇಜಲ್ಲ. ಬೋರ್ಡ್ ಓದಿ!"

ಬೋರ್ಡಿನಲ್ಲಿ 'ಗಾಲಿ ಇಲ್ಲದವರಿಗೆ ಪ್ರವೇಶವಿಲ್ಲ' ಎಂದಿತ್ತು.

"ನಮಗೆ ನಾಲ್ಕಿವೆಯಲ್ಲ" ಎಂದ ಭಾವ, ಬಹಳ ವಿನಯದಿಂದ.

ಮೇಡಂ ಸೀಟಿಯನ್ನು ಬಾಯಿಗೆ ಕಚ್ಚಿಕೊಂಡರು. ಅದು ಒಳ್ಳೆಯ ಲಕ್ಷಣವಲ್ಲ. ಆಗ ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು.

"ಮೇಡಂ, ಆ ಪತ್ತೇದಾರಿ ಕಾದಂಬರಿಯ ಎರಡನೇ ಭಾಗ ಮುಗೀತಾ?"

ಸೀಟಿ ಬಾಯಿಂದ ಬಿತ್ತು. "ಮುಗೀತು. ಮೂರನೇ ಭಾಗಕ್ಕೆ ಒಂದು ತಿಂಗಳಿಂದ ಕಾಯ್ತಿದ್ದೀನಿ. ಕೊಲೆ ಮಾಡಿದ್ದು ಆ ತೋಟಗಾರನೇ ತಾನೇ?"

"ಹೇಳಲ್ಲ. ಮೂರನೇ ಭಾಗ ಈ ಗಾಡಿ ಒಳಗಿದೆ. ನಾಲ್ಕು ಗಂಟೆಗೆ ಈ ಗಾಡಿ ಏರು ಹತ್ತದಿದ್ರೆ ನಾಳೆ ಗುಜರಿಗೆ ಹೋಗುತ್ತೆ. ಪುಸ್ತಕ ಎಲ್ಲ ಮೂಟೆ ಕಟ್ಟಿ ಗೋದಾಮಿಗೆ ಹಾಕ್ತಾರೆ. ಆ ತೋಟಗಾರ ಅಲ್ಲೇ ಧೂಳು ತಿನ್ಕೊಂಡು ಇರ್ತಾನೆ ಬಿಡಿ."

ಮೇಡಂ ಮೂರು ಸೆಕೆಂಡು ಯೋಚಿಸಿದರು. ಬಳಿಕ ಊದಿದ ಸೀಟಿಗೆ ಮೂವತ್ತು ಮಕ್ಕಳೂ ಹೋಗಿ ಕಂಬಿಬೇಲಿಗೆ ಅಂಟಿಕೊಂಡರು.

ಬಾಗಿಲು ಇನ್ನೂರ ನಲವತ್ತು ಸೆಂಟಿಮೀಟರ್, ವ್ಯಾನ್ ಇನ್ನೂರ ಹದಿನಾಲ್ಕು. ಕನ್ನಡಿಗಳನ್ನು ಮಡಚಿ, ಮಿಲಿ ಮುಂದೆ ಹಿಮ್ಮುಖವಾಗಿ ನಡೆಯುತ್ತ ಎರಡೂ ಕಡೆಗೆ ಹದಿಮೂರು, ಹದಿಮೂರು ಎಂದು ಮಂತ್ರದಂತೆ ಹೇಳುತ್ತಿರುವಾಗ, ಚಿಕ್ಕಮ್ಮ ಗಾಡಿಯನ್ನು ಸೂಜಿಗೆ ದಾರ ಪೋಣಿಸಿದಂತೆ ಒಳಗೆ ತಂದಳು. ಅಂಗಳದ ಸರಿಯಾದ ನಡುವಿನಲ್ಲಿ ವ್ಯಾನ್ ನಿಂತಿತು. ಮೇಡಂ ತಮ್ಮ ಒಂದು ಸ್ಕೇಟನ್ನು ಕಳಚಿ ಪಕ್ಕದಲ್ಲಿಟ್ಟರು. ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಊರಿನಲ್ಲಿ ಇಂತಹ ದೃಶ್ಯ ಕಾಣಸಿಗುವುದು ಅಪರೂಪ. ಭಾವ ಅದನ್ನು ಭಕ್ತಿಯಿಂದ ನೋಡಿದ.

"ಬ್ರೇಕ್ ಮೇಲೆ ಕಾಲು ಇಟ್ಟಿರಿ ಅತ್ತೆ, ಹ್ಯಾಂಡ್ ಬ್ರೇಕೂ ಎಳೀರಿ. ಈಗ ಕೋಲನ್ನ ಒಂದೊಂದು ಮನೇಲೂ ಐದು ಎಣಿಸೋವರೆಗೆ ನಿಲ್ಲಿಸಿ."

"ಎಣಿಸೋದು ಯಾರು?"

"ನಾವು!" ಎಂದು ಬೇಲಿಯ ಉದ್ದಕ್ಕೂ ಕೂಗು ಎದ್ದಿತು.

ಚಿಕ್ಕಮ್ಮ ಕೋಲನ್ನು ರಿವರ್ಸ್‌ಗೆ ತಂದಳು. "ಒಂದು! ಎರಡು! ಮೂರು! ನಾಲ್ಕು! ಐದು!" ನ್ಯೂಟ್ರಲ್. "ಒಂದು! ಎರಡು!" ಡ್ರೈವ್. ಪ್ರತಿ ಮನೆಗೂ ಧ್ವನಿ ಇನ್ನಷ್ಟು ಏರಿತು. ಕೆಳಗಿನ ಬೀದಿಯವರು ಮಹಡಿಗೆ ಬಂದು ಇಣುಕಿದರು. ಕೋಲು ಪಾರ್ಕಿಗೆ ಮರಳಿದಾಗ ಮಿಲಿ ಕಡ್ಡಿಯನ್ನು ಎಳೆದು, ಅಂಗಡಿಯಿಂದ ತಂದಿದ್ದ ಹತ್ತಿಯಿಂದ ಒರೆಸಲು ಹೋದಳು.

"ಹತ್ತಿ ಬೇಡ! ಒಂದು ನಾರು ಒಳಗೆ ಹೋದ್ರೂ ಸಣ್ಣ ದಾರಿ ಮುಚ್ಚಿಬಿಡುತ್ತೆ. ನಿನ್ನ ಕನ್ನಡಕದ ಬಟ್ಟೆ ಕೊಡು."

ಕನ್ನಡಕದ ಬಟ್ಟೆ ಹುತಾತ್ಮವಾಯಿತು. ಒರೆಸಿದ ಕಡ್ಡಿ ಒಳಹೋಗಿ ಹೊರಬಂತು. ಕೆಂಪು ಒದ್ದೆ, ಕೆಳಗಿನ ಗೆರೆಗಿಂತ ಎರಡು ಬೆರಳು ಕೆಳಗೆ.

"ಇನ್ನೂರು" ಎಂದ ಭಾವ. ಅವಳು ಅಳೆದು ಹಾಕಿದಳು. ಮತ್ತೆ ಕೋಲಿನ ಪ್ರದಕ್ಷಿಣೆ, ಮತ್ತೆ ಮೂವತ್ತು ಗಂಟಲುಗಳ ಎಣಿಕೆ. ಇನ್ನೂರು. ಮತ್ತೊಮ್ಮೆ. ಇಷ್ಟರಲ್ಲಿ ಮೇಡಂ ಒಂದು ಕಾಲಿನ ಸ್ಕೇಟಿನಲ್ಲೇ ವ್ಯಾನಿನ ಸುತ್ತ ತಿರುಗುತ್ತ ಎಣಿಕೆಗೆ ಸೀಟಿಯಿಂದ ತಾಳ ಹಾಕುತ್ತಿದ್ದರು. ನಾಲ್ಕನೆಯ ಸಲಕ್ಕೆ ಒದ್ದೆ ಎರಡು ಗೆರೆಗಳ ನಡುವೆ ಬಂದು ನಿಂತಿತು.

"ಸಾಕು" ಎಂದ ಭಾವ.

"ಸರಿಯಾಗಿ ನಡುವಿಗೆ ಬಂದಿಲ್ಲ ಭಾವ. ತುಸು ಮೇಲಿದೆ."

"ಎರಡು ಗೆರೆ ಮಧ್ಯೆ ಎಲ್ಲಿದ್ರೂ ಸರೀನೇ."

"ಎಲ್ಲಿದ್ರೂ?"

"ಎಲ್ಲಿದ್ರೂ."

ಮಿಲಿ ಕಡ್ಡಿಯನ್ನೇ ನೋಡಿದಳು. ಗೆರೆಯಿಂದ ಗೆರೆಗೆ ಒಂದು ಬೆರಳಿನಗಲ. ಅಷ್ಟು ವಿಶಾಲವಾದ ಜಾಗವನ್ನು ಯಾರೋ ತಿಳಿದವರು, ಬೇಕೆಂದೇ, ಅವಳಂತಹವರಿಗಾಗಿ ಬಿಟ್ಟುಕೊಟ್ಟಿದ್ದರು. ಅವಳಿಗೆ ತಲೆ ಹಗುರವಾಗಿ ತಿರುಗಿದಂತಾಯಿತು. ಕೊನೆಯ ಎರಡು ಸುತ್ತಿನಲ್ಲಿ ಹಾಕಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದನ್ನೇ ಮರೆತದ್ದು ಆಗ ನೆನಪಾಯಿತು. ನೋಟ್‌ಬುಕ್ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಬೇಲಿಯಲ್ಲಿದ್ದ ಗಾಲಿಗಾಲಿನ ಮಕ್ಕಳು ಇನ್ನೂ ಒಂದು ಎರಡು ಮೂರು ಎನ್ನುತ್ತಲೇ ಇದ್ದರು, ಯಾವ ಕಾರಣವೂ ಇಲ್ಲದೆ. ಅವಳೂ ನಾಲ್ಕು ಐದು ಎಂದು ಕೂಗಿದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ವ್ಯಾನ್ ಟ್ಯಾಂಕಿನ ಏರಿನ ಬುಡ ತಲುಪಿತು. ಪರೀಕ್ಷಕರು ಮೊದಲೇ ಬಂದಿದ್ದರು: ತೆಳ್ಳನೆಯ ದೇಹ, ಬಿಗಿಯಾದ ಟೈ, ಕಂಕುಳಲ್ಲಿ ಫೈಲು. ವ್ಯಾನನ್ನು ಅವರು ಒಮ್ಮೆ ಕಚ್ಚಿದ ನಾಯಿಯನ್ನು ನೋಡುವಂತೆ ನೋಡಿದರು.

"ನಾನು ಕೆಳಗೆ ನಿಂತೇ ನೋಡ್ತೀನಿ" ಎಂದರು.

"ನಿಯಮದ ಪ್ರಕಾರ ಪರೀಕ್ಷಕರು ಒಳಗೆ ಇರ್ಬೇಕಲ್ವಾ ಸಾರ್?" ಎಂದಳು ಮಿಲಿ. ನಿಯಮ ಅವಳಿಗೆ ಗೊತ್ತಿತ್ತು. ನಿನ್ನೆಯೇ ಎರಡು ಸಲ ಓದಿದ್ದಳು.

ಪರೀಕ್ಷಕರು ಹತ್ತಿದರು. ಬೆಲ್ಟ್ ಹಾಕಿಕೊಂಡು, ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದು, ಕಣ್ಣು ಮುಚ್ಚಿಕೊಂಡರು. ಮಿಲಿ ಮತ್ತು ಭಾವ ಹಿಂದಿನ ಪುಟ್ಟ ಬೆಂಚಿನ ಮೇಲೆ ಕಪಾಟುಗಳ ನಡುವೆ ಕುಳಿತರು. ಚಿಕ್ಕಮ್ಮನ ಕತ್ತಿನ ಹಿಂಬದಿಯಲ್ಲಿ ಬೆವರಿನ ಒಂದು ಗೆರೆ ಇಳಿಯುವುದು ಮಿಲಿಗೆ ಕಂಡಿತು. ಕಿಟಕಿಯಿಲ್ಲದ ಕೋಣೆ ಮಿಲಿಯ ಕಣ್ಣ ಮುಂದೆಯೂ ಬಂದು ನಿಂತಿತು.

ಕೋಲು ಡ್ರೈವ್‌ಗೆ ಬಂತು. ಗಾಡಿ ಯೋಚಿಸಲಿಲ್ಲ, ಕರೆದೊಡನೆ ಓಗೊಟ್ಟಂತೆ ಹೊರಟಿತು. ಮೊದಲ ಗೇರು, ಎರಡನೆಯ ಗೇರು. ಎರಡರ ನಡುವೆ ಏನಾಯಿತೆಂಬುದು ಪುಸ್ತಕಗಳಿಗೂ ತಿಳಿಯಲಿಲ್ಲ. ಭಾವ ಪ್ಲಾಸ್ಟರಿನ ಕೈಯಿಂದ ಮಿಲಿಯ ಮೊಣಕಾಲಿಗೆ ಒಂದು ಬಡಿದ; ನೋವಾದದ್ದು ಇಬ್ಬರಿಗೂ.

"ನಡುವೆ ನಿಲ್ಲಿಸಿ" ಎಂದರು ಪರೀಕ್ಷಕರು, ಕಣ್ಣು ಮುಚ್ಚಿಕೊಂಡೇ.

ನಿಂತಿತು. ಏರಿನ ಕಡಿದಾದ ಭಾಗವೇ ಅದು. ಮುಂದಿನ ಗಾಜಿನಲ್ಲಿ ಬರೀ ಆಕಾಶ.

"ಈಗ ಹೊರಡಿ."

ಚಿಕ್ಕಮ್ಮ ಬ್ರೇಕಿನಿಂದ ಕಾಲು ತೆಗೆದಳು. ಪರೀಕ್ಷಕರ ಬಾಯಿ ಹೋದ ತಿಂಗಳಿನ ಕೂಗಿಗೆ ಆಕಾರ ತಾಳಿ ತೆರೆಯಿತು. ಕೂಗು ಬರಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಎರಡು ಸಾವಿರ ಪುಸ್ತಕಗಳನ್ನೂ ನಾಲ್ಕು ಜನರನ್ನೂ ಹೊತ್ತ ವ್ಯಾನ್, ಒಂದು ಗೇಣೂ ಹಿಂದೆ ಸರಿಯದೆ, ಬೆಣ್ಣೆಯ ಮೇಲೆ ಚಾಕು ಹೋದಂತೆ ಮೇಲೇರಿತು. ಮನೆಗಳು ಕೆಳಗಿಳಿದವು. ಟ್ಯಾಂಕಿನ ಬಿಳಿ ಹೊಟ್ಟೆ ಗಾಜಿನ ತುಂಬ ಬೆಳೆಯಿತು. ಚಿಕ್ಕಮ್ಮ ಅದರ ಬುಡದಲ್ಲಿ ಗಾಡಿ ನಿಲ್ಲಿಸಿದಳು.

ಪರೀಕ್ಷಕರು ಒಂದು ಕಣ್ಣು ತೆರೆದರು. ಬಳಿಕ ಇನ್ನೊಂದು.

"ಬಂತಾ?"

"ಬಂತು ಸಾರ್" ಎಂದಳು ಚಿಕ್ಕಮ್ಮ. ಅವಳ ಧ್ವನಿ ಒಂದು ಮೆಟ್ಟಿಲು ಮೇಲಿತ್ತು.

ಅವರು ಫೈಲು ತೆರೆದು, ಪೆನ್ನಿನ ಮುಚ್ಚಳ ತೆಗೆದು, ಮೂರು ಕಡೆ ಸಹಿ ಹಾಕಿದರು. 'ಸೇವೆಗೆ ಯೋಗ್ಯ' ಎಂಬ ಮೊಹರು ಒತ್ತಿದರು. ಚಿಕ್ಕಮ್ಮ ಆ ಕಾಗದವನ್ನು ಎರಡೂ ಕೈಗಳಲ್ಲಿ ಹಿಡಿದು ಓದಿದಳು, ಮತ್ತೊಮ್ಮೆ ಓದಿದಳು. ಹನ್ನೊಂದು ವರ್ಷ ಊರನ್ನೆಲ್ಲ ಓದಿಸಿದವಳಿಗೆ ಇದಕ್ಕಿಂತ ಒಳ್ಳೆಯ ಪುಟ ಸಿಕ್ಕಿರಲಿಲ್ಲ. ಆಮೇಲೆ ಹಿಂದಕ್ಕೆ ತಿರುಗಿ ಕೈ ಚಾಚಿ, ಆಯಿಲ್ ಅಂಟಿದ ಮಿಲಿಯ ಕೆನ್ನೆಯನ್ನು ಜೋರಾಗಿ ಹಿಂಡಿದಳು.

ಪರೀಕ್ಷಕರು ಇಳಿಯಲಿಲ್ಲ. ಟೈ ಸಡಿಲಿಸಿದರು.

"ಇನ್ನೊಂದು ಸಲ ಹತ್ತಿಸಿ. ಖಚಿತ ಆಗ್ಬೇಕು."

ವ್ಯಾನ್ ಕೆಳಗಿಳಿದು ಮತ್ತೆ ಹತ್ತಿತು. ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ಅರ್ಧ ದಾರಿಯಲ್ಲಿ ಹಿಡಿಯಿಂದ ಒಂದು ಕೈ ಬಿಟ್ಟರು. ತುದಿ ತಲುಪುವ ಹೊತ್ತಿಗೆ ಎರಡನ್ನೂ ಬಿಟ್ಟು, ಗಾಜು ಇಳಿಸಿ, ಮೊಣಕೈಯನ್ನು ಕಿಟಕಿಯ ಹೊರಗೆ ಇಟ್ಟಿದ್ದರು. ಗಾಳಿಗೆ ಟೈ ಹೆಗಲ ಮೇಲೆ ಹಾರಿತ್ತು.

"ಇನ್ನೊಂದು ಸಲ" ಎಂದರು.

"ಮೂರನೇ ಸಲ ಯಾಕೆ ಸಾರ್?" ಮಿಲಿ ಹಿಂದಿನಿಂದ ಕೇಳಿದಳು. "ನಿಯಮದಲ್ಲಿ ಒಂದೇ ಸಲ ಅಂತ ಇದೆ."

ಪರೀಕ್ಷಕರು ಫೈಲನ್ನು ಸೀಟಿನ ಕೆಳಗೆ ತುರುಕಿದರು.

"ಸುಮ್ನೆ" ಎಂದರು.

ಚಿಕ್ಕಮ್ಮ ಆಗಲೇ ಗಾಡಿ ತಿರುಗಿಸುತ್ತಿದ್ದಳು.